ಡರ್ಬನ್ನಿನ ‘ಬನ್ನಿ’

ವಿದೇಶಕ್ಕೆ ಹೊರಟಾಗ ನನ್ನ ಬ್ಯಾಗಿನಲ್ಲಿ ಮೊದಲು ಜಾಗ ಹಿಡಿಯುವುದು ತಿನ್ನುವ ಸಾಮಾನು. ಪುಣೆಗೆ ಬಂದು ಹದಿನೆಂಟು ವರ್ಷವಾದರೂ ಗದಗದ ಕಡೆಯಿಂದ ಅವ್ವ ಕಳಿಸಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಎರಡು ಪ್ಯಾಕೆಟ್ ರೆಡಿ ಉಪ್ಪಿಟ್ಟು ಇರಲೇಬೇಕು. ಅವು ಖಾಲಿಯಾದ ಮೇಲೆ ಮೊಬೈಲಿನಲ್ಲಿ ‘ಇಂಡಿಯನ್ ರೆಸ್ಟೋರೆಂಟ್’ ಹುಡುಕಾಟ ಶುರು. ಯಾವ ದೇಶಕ್ಕೆ ಹೋದರೂ ಸಿಗುವುದು ಹೆಚ್ಚುಕಡಿಮೆ ಒಂದೇ: ಬೆಣ್ಣೆ ಸವರಿದ ನಾನ್, ಕೆಂಪು ಗ್ರೇವಿಯಲ್ಲಿ ಪನೀರ್, ಗೋಡೆಯ ಮೇಲೆ ತಾಜ್‌ಮಹಲ್. ತಿಂದು, ‘ಇದೇನು ನಮ್ಮ ಊಟವಲ್ಲ ಬಿಡಿ’ ಎಂದು ಬೈದು, ಮರುದಿನ ಮತ್ತೆ ಅಲ್ಲಿಗೇ ಹೋಗುವುದು. ನಿಮ್ಮಲ್ಲಿ ಅನೇಕರಿಗೆ ಈ ಕಥೆ ಗೊತ್ತಿದ್ದದ್ದೇ.

ಕೆಲವು ವರ್ಷಗಳ ಹಿಂದೆ ಪ್ರಾಜೆಕ್ಟ್ ಕೆಲಸಕ್ಕೆಂದು ಮೂರು ವಾರ ದಕ್ಷಿಣ ಆಫ್ರಿಕಾದ ಡರ್ಬನ್ನಿಗೆ ಹೋಗಿದ್ದೆ. ಕ್ಲೈಂಟ್ ಕಡೆಯ ಟೀಮಿನಲ್ಲಿ ತಮಿಳು ಹೆಸರಿನ ಒಬ್ಬ ಮಹಿಳೆ ಇದ್ದರು. ಅವರಿಗೆ ತಮಿಳು ಬರುತ್ತಿರಲಿಲ್ಲ, ಭಾರತವನ್ನು ಕಂಡವರೂ ಅಲ್ಲ. ಮೊದಲ ಶುಕ್ರವಾರ ಮಧ್ಯಾಹ್ನ ‘ನಡೆಯಿರಿ, ಬನ್ನಿ ತಿನ್ನೋಣ’ ಎಂದು ಇಂಗ್ಲಿಷಿನಲ್ಲಿ ಕರೆದರು. ಕನ್ನಡದ ಕಿವಿಗೆ ಅದು ಸ್ವಾಗತದಂತೆ ಕೇಳಿಸಿತು. ಹೋದ ಅಂಗಡಿಯ ಬೋರ್ಡಿನ ಮೇಲೂ ಅದೇ ಇತ್ತು: ‘ಬನ್ನಿ ಚೌ’. ಮೊಲದ ಮಾಂಸವಿರಬಹುದೆಂದು ಗಾಬರಿಯಾದೆ. ಅವರು ನಕ್ಕು, ‘ಮೊಲವೂ ಇಲ್ಲ, ಮಣ್ಣೂ ಇಲ್ಲ’ ಎಂದು ನನಗಾಗಿ ‘ಕ್ವಾರ್ಟರ್ ಬೀನ್ಸ್’ ಹೇಳಿದರು.

ಬಂದದ್ದು ಕಾಲು ಭಾಗ ಬಿಳಿ ಬ್ರೆಡ್. ಒಳಗಿನ ಮೆತ್ತನೆಯ ಭಾಗವನ್ನು ತೋಡಿ, ಆ ಗುಂಡಿಯಲ್ಲಿ ಬಿಸಿಬಿಸಿ ಕಾಳಿನ ಸಾರು ತುಂಬಿದ್ದರು. ತೋಡಿದ ಬ್ರೆಡ್ಡಿನ ತುಂಡೇ ಮೇಲೆ ಮುಚ್ಚಳ. ಚಮಚ ಇಲ್ಲ. ಮೊದಲು ಆ ತುಂಡನ್ನು ಸಾರಿನಲ್ಲಿ ಅದ್ದಿ ತಿನ್ನಬೇಕು, ಆಮೇಲೆ ಗೋಡೆಗಳನ್ನು ಮೇಲಿನಿಂದ ಮುರಿಯುತ್ತ ಕೆಳಗಿಳಿಯಬೇಕು. ಕರಿಬೇವು ಇತ್ತು, ಖಾರ ನಮ್ಮ ಬ್ಯಾಡಗಿಯವರೂ ಮೆಚ್ಚುವಷ್ಟಿತ್ತು. ಆದರೂ ನಾನು ಹಳೇ ಚಾಳಿಯಂತೆ ಹೇಳಿದೆ: ‘ಚೆನ್ನಾಗಿದೆ, ಆದರೆ ಭಾರತದಲ್ಲಿ ಇದು ಎಲ್ಲೂ ಸಿಗುವುದಿಲ್ಲ.’

ಅವರು ಕೈ ಒರೆಸಿಕೊಳ್ಳುತ್ತ, ‘ಹೇಗೆ ಸಿಗುತ್ತದೆ? ಇದನ್ನು ಮಾಡಿದವರು ನಾವು’ ಅಂದರು.

ಆ ಮಾತು ತಲೆಯಲ್ಲಿ ಉಳಿಯಿತು. ಉಳಿದ ಎರಡು ವಾರ ಸಂಜೆಗಳಲ್ಲಿ ಓದಿದ್ದು, ಕೇಳಿದ್ದು, ಆ ಬೀದಿಗಳಲ್ಲಿ ಅಡ್ಡಾಡಿದ್ದು ಎಲ್ಲ ಈ ‘ನಾವು’ ಯಾರು ಎಂದು ತಿಳಿಯುವುದಕ್ಕೇ.

1834ರಲ್ಲಿ ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದಾಯಿತು. ಕಬ್ಬಿನ ತೋಟಗಳು ಮಾತ್ರ ಹಾಗೆಯೇ ಉಳಿದವು. ಅವುಗಳಲ್ಲಿ ದುಡಿಯಲು ಭಾರತದಿಂದ ಐದು ವರ್ಷದ ಕರಾರಿನ ಮೇಲೆ ಜನರನ್ನು ಸಾಗಿಸತೊಡಗಿದರು. ಆ ‘ಅಗ್ರಿಮೆಂಟ್’ ನಮ್ಮವರ ಬಾಯಲ್ಲಿ ‘ಗಿರ್ಮಿಟ್’ ಆಯಿತು, ಹೋದವರು ಗಿರ್ಮಿಟಿಯಾಗಳಾದರು. ಗದಗ-ಹುಬ್ಬಳ್ಳಿಯವನಿಗೆ ಗಿರ್ಮಿಟ್ ಎಂದರೆ ಚುರಮುರಿ, ಈರುಳ್ಳಿ, ಮೇಲೊಂದು ಮಿರ್ಚಿ. ಸಾವಿರಾರು ಜನರ ಹಣೆಬರಹಕ್ಕೂ ಅದೇ ಹೆಸರಿತ್ತು ಎಂದು ತಿಳಿದ ಮೇಲೆ ಆ ಶಬ್ದ ನನಗೆ ಮೊದಲಿನ ಹಾಗೆ ಕೇಳಿಸುವುದಿಲ್ಲ.

ಮಾರಿಷಸ್, ಟ್ರಿನಿಡಾಡ್, ಗಯಾನಾಗಳ ನಂತರ ನಟಾಲ್ ಪ್ರಾಂತ್ಯದ ಸರದಿ ಬಂತು. 1860ರ ನವೆಂಬರ್ 16ರಂದು ‘ಟ್ರೂರೋ’ ಎಂಬ ಹಡಗು ಮದರಾಸಿನಿಂದ 342 ಜನರನ್ನು ಹೊತ್ತು ಡರ್ಬನ್ ತಲುಪಿತು. 1911ರಲ್ಲಿ ಈ ಸಾಗಣೆ ನಿಲ್ಲುವ ಹೊತ್ತಿಗೆ ಬಂದವರು 1 ಲಕ್ಷ 52 ಸಾವಿರಕ್ಕೂ ಹೆಚ್ಚು. ಅವರಲ್ಲಿ ಸುಮಾರು ಮೂರನೇ ಎರಡರಷ್ಟು ಜನ ಮದರಾಸು ಬಂದರಿನಿಂದ ಹಡಗು ಹತ್ತಿದವರು, ಉಳಿದವರು ಕಲ್ಕತ್ತೆಯಿಂದ. ತಮಿಳು, ತೆಲುಗು, ಭೋಜ್‌ಪುರಿ ಮಾತಾಡುವವರು ಒಂದೇ ಸಾಲಿನ ಕೋಣೆಗಳಲ್ಲಿ ಬದುಕಿದರು.

ಗಂಡಸರಿಗೆ ಮೊದಲ ವರ್ಷದ ಸಂಬಳ ತಿಂಗಳಿಗೆ 10 ಶಿಲಿಂಗ್. ಜೊತೆಗೆ ಅಳೆದು ಕೊಡುವ ಪಡಿ: ಅಕ್ಕಿ, ಬೇಳೆ, ಉಪ್ಪು, ಎಣ್ಣೆ ಅಥವಾ ತುಪ್ಪ, ಒಣಮೀನು. ಅಕ್ಕಿಯ ಬದಲು ಮೆಕ್ಕೆಜೋಳದ ಹಿಟ್ಟು ಬರುವುದೂ ಇತ್ತು. ಕರಾರು ಮುಗಿಸಿದ ಅನೇಕರು ಊರಿಗೆ ಮರಳದೆ ತುಂಡು ಭೂಮಿ ಹಿಡಿದು ತರಕಾರಿ ಬೆಳೆದರು, ಬುಟ್ಟಿ ಹೊತ್ತು ಮನೆಮನೆಗೆ ಮಾರಿದರು. ಇದು ಬಿಳಿಯರ ಸರಕಾರಕ್ಕೆ ಸೇರಲಿಲ್ಲ. 1895ರ ಕಾನೂನು, ಕರಾರು ಮುಗಿದ ಮೇಲೂ ಅಲ್ಲಿಯೇ ಉಳಿಯುವವರ ಮೇಲೆ ವರ್ಷಕ್ಕೆ 3 ಪೌಂಡ್ ತಲೆಗಂದಾಯ ಹೇರಿತು. 3 ಪೌಂಡ್ ಎಂದರೆ 60 ಶಿಲಿಂಗ್, ಅಂದರೆ ಹೊಸದಾಗಿ ಬಂದ ಕೂಲಿಯ ಆರು ತಿಂಗಳ ಸಂಬಳ. ಗಾಂಧೀಜಿ 1913ರಲ್ಲಿ ನಡೆಸಿದ ಸತ್ಯಾಗ್ರಹದಲ್ಲಿ ಗಣಿ ಮತ್ತು ತೋಟದ ಕೂಲಿಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಕೆಲಸ ಬಿಟ್ಟು ಹೊರಬಂದದ್ದು ಈ ಕಂದಾಯದ ವಿರುದ್ಧವೇ. ಮರುವರ್ಷ ಅದು ರದ್ದಾಯಿತು.

ಗಿರ್ಮಿಟಿಯಾಗಳ ಹಿಂದೆಯೇ, ತಮ್ಮದೇ ದುಡ್ಡಿನಲ್ಲಿ ಟಿಕೆಟ್ ಕೊಂಡು ಗುಜರಾತಿನ ವ್ಯಾಪಾರಿಗಳು ಬಂದರು. ಅವರ ಅಂಗಡಿ, ಊಟದ ಮನೆಗಳು ಡರ್ಬನ್ನಿನ ಗ್ರೇ ಸ್ಟ್ರೀಟಿನ ಸುತ್ತ ಬೆಳೆದವು. ಇಂದು ಆ ರಸ್ತೆಗೆ ಡಾ. ಯೂಸುಫ್ ದಾದೂ ಅವರ ಹೆಸರು. ಹತ್ತಿರದ ವಿಕ್ಟೋರಿಯಾ ಸ್ಟ್ರೀಟ್ ಮಾರ್ಕೆಟ್ಟಿನ ಹಳೆಯ ಕಟ್ಟಡ 1973ರಲ್ಲಿ ಸುಟ್ಟುಹೋಯಿತು. ಹೊಸ ಕಟ್ಟಡದಲ್ಲಿ ಈಗಲೂ ಮಸಾಲೆಪುಡಿ ಗುಡ್ಡೆಗುಡ್ಡೆಯಾಗಿ ಇಟ್ಟಿರುತ್ತಾರೆ. ಅದರಲ್ಲಿ ಭಾರೀ ಖಾರದ ಒಂದಕ್ಕೆ ‘ಅತ್ತೆ ಸಂಹಾರಕ’ ಎಂಬರ್ಥದ ಇಂಗ್ಲಿಷ್ ಹೆಸರು. ನಾನೂ ಕಾಲು ಕಿಲೋ ಕಟ್ಟಿಸಿದೆ. ಪುಣೆಗೆ ಬಂದು ಹೆಂಡತಿಗೆ ಹೆಸರು ಹೇಳಲಿಲ್ಲ.

ಬನ್ನಿ ಹುಟ್ಟಿದ್ದು ಈ ಗ್ರೇ ಸ್ಟ್ರೀಟಿನ ಆಸುಪಾಸಿನಲ್ಲಿ, ಸುಮಾರು 1940ರ ದಶಕದಲ್ಲಿ ಎನ್ನುತ್ತಾರೆ. ಹುಟ್ಟಿದ ಬಗೆಗೆ ಒಂದಕ್ಕಿಂತ ಹೆಚ್ಚು ಕಥೆಗಳಿವೆ. ಗಾಲ್ಫ್ ಮೈದಾನದಲ್ಲಿ ದುಡಿಯುತ್ತಿದ್ದ ಭಾರತೀಯ ಹುಡುಗರು ಊಟ ಒಯ್ಯಲು ಇದನ್ನು ಕಂಡುಕೊಂಡರು ಎಂಬುದು ಒಂದು. ರೊಟ್ಟಿಯಲ್ಲಿ ಸುತ್ತಿದರೆ ಸಾರು ಸೋರುತ್ತದೆ, ಬ್ರೆಡ್ ಆದರೆ ಪಾತ್ರೆಯೂ ಅದೇ, ಊಟವೂ ಅದೇ. ಹೆಚ್ಚು ಕೇಳಿಬರುವ ಇನ್ನೊಂದು ಕಥೆ ಗುಜರಾತಿ ‘ಬನಿಯಾ’ಗಳ ಹೋಟೆಲಿನದು. ಬನಿಯಾ ಎಂಬುದೇ ಬಾಯಿಂದ ಬಾಯಿಗೆ ಹೋಗಿ ಬನ್ನಿ ಆಯಿತು. ‘ಚೌ’ ಎಂದರೆ ಆಡುಮಾತಿನಲ್ಲಿ ಊಟ. ಈ ಎರಡನೇ ಕಥೆಯಲ್ಲಿ ಒಂದು ಕಿಟಕಿ ಬರುತ್ತದೆ.

ವರ್ಣಭೇದದ ದೇಶದಲ್ಲಿ ಯಾರು ಎಲ್ಲಿ ಕೂತು ತಿನ್ನಬೇಕೆಂಬುದಕ್ಕೂ ಕಟ್ಟಳೆ ಇತ್ತು. 1948ರಲ್ಲಿ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದ ಮೇಲೆ ಅದು ಇನ್ನೂ ಬಿಗಿಯಾಯಿತು. 1950ರ ಕಾನೂನು ವಾಸದ ಜಾಗವನ್ನು ಬಣ್ಣದ ಪ್ರಕಾರ ಹಂಚಿತು, 1953ರದು ಬೆಂಚು, ಬಸ್ಸು, ಬಾಗಿಲುಗಳನ್ನು ಹಂಚಿತು. ಭಾರತೀಯರ ಹೋಟೆಲಿನಲ್ಲಿ ಕರಿಯ ಕೂಲಿಗಳು ಒಳಗೆ ಕೂರುವಂತಿರಲಿಲ್ಲ. ಆದರೆ ಅವರಿಗೆ ಹಸಿವಿತ್ತು, ಹೋಟೆಲಿನವರಿಗೆ ವ್ಯಾಪಾರ ಬೇಕಿತ್ತು. ಹಾಗಾಗಿ ಬ್ರೆಡ್ ತೋಡಿ, ಸಾರು ತುಂಬಿ, ಪಕ್ಕದ ಅಥವಾ ಹಿಂದಿನ ಕಿಟಕಿಯಿಂದ ಕೊಟ್ಟರಂತೆ. ತಟ್ಟೆ ಬೇಡ, ಲೋಟ ಬೇಡ, ಯಾರೂ ಯಾರ ಎಂಜಲು ತೊಳೆಯಬೇಕಿಲ್ಲ.

ನನಗೆ ಬನ್ನಿ ತಿನ್ನಿಸಿದ ಸಹೋದ್ಯೋಗಿ ಈ ಕಥೆಯನ್ನು ಹೇಳಿ, ‘ಕಾನೂನೇ ಹಾಗಿತ್ತು’ ಅಂದರು. ಸ್ವಲ್ಪ ಹೊತ್ತಿನ ಮೇಲೆ ತಾವೇ ‘ಆದರೆ ಕಾನೂನು ಇಲ್ಲದಿದ್ದರೂ ಎಲ್ಲರೂ ಒಳಗೆ ಕರೆಯುತ್ತಿದ್ದರು ಅಂತ ಹೇಳಲಾರೆ’ ಎಂದರು. ನಾನು ಏನೂ ಹೇಳಲಿಲ್ಲ. ನನಗೆ ನೆನಪಾಗಿದ್ದು ನಮ್ಮ ಅಜ್ಜನ ಚಾದಂಗಡಿ.

ಊರ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ತಗಡಿನ ಅಂಗಡಿ ಅದು. ಒಳಗೆ ಕೂತವರಿಗೆ ಕಪ್ಪು-ಬಸಿ. ಹೊರಗೆ ಗೋಡೆಯ ಗೂಟಗಳಿಗೆ ನಾಲ್ಕೈದು ಅಲ್ಯೂಮಿನಿಯಂ ಲೋಟ. ಕೇರಿಯಿಂದ ಬಂದವರು ಆ ಲೋಟ ತಾವೇ ಇಳಿಸಿಕೊಂಡು ಹಿಡಿಯಬೇಕು, ಅಜ್ಜ ಮೇಲಿನಿಂದ ಚಾ ಹೊಯ್ಯಬೇಕು, ಕುಡಿದಾದ ಮೇಲೆ ತೊಳೆದು ಮತ್ತೆ ಗೂಟಕ್ಕೆ ಹಾಕಬೇಕು. ಸೂಟಿಯಲ್ಲಿ ಊರಿಗೆ ಹೋದಾಗ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ನಾನಿದನ್ನು ನೋಡಿದ್ದೇನೆ. ಅದು 1980ರ ದಶಕ. ಡರ್ಬನ್ನಿನಲ್ಲಿ ಭೇದ ಮಾಡೆಂದು ಕಾನೂನು ಹೇಳುತ್ತಿತ್ತು. ನಮ್ಮಲ್ಲಿ ಸಂವಿಧಾನದ 17ನೇ ವಿಧಿ ಮಾಡಬೇಡ ಎಂದಿತ್ತು, 1955ರಲ್ಲೇ ಅದನ್ನು ಅಪರಾಧವೆಂದು ಕಾಯ್ದೆಯೂ ಆಗಿತ್ತು. ಆದರೂ ಗೂಟದ ಮೇಲೆ ಲೋಟ ಇದ್ದವು. ಅಜ್ಜ ಕೆಟ್ಟವನಾಗಿರಲಿಲ್ಲ, ಉದ್ರಿ ಕೊಟ್ಟು ಮರೆಯುವಂಥ ಮನುಷ್ಯ. ಅದೇ ನನಗೆ ಬಿಡಿಸಲಾಗದ ಲೆಕ್ಕ.

ಪ್ರವಾಸದಲ್ಲಿ ನಾವು ಹುಡುಕುವುದು ‘ಅಪ್ಪಟ’ ಭಾರತೀಯ ಊಟವನ್ನು. ಆದರೆ ಹಡಗು ಹತ್ತಿದವರ ಊಟಕ್ಕೆ ಅಪ್ಪಟವಾಗಿ ಉಳಿಯುವ ಅವಕಾಶ ಎಲ್ಲಿತ್ತು? ಟ್ರಿನಿಡಾಡಿನಲ್ಲಿ ಕಡಲೆಬೇಳೆಯ ಜಾಗಕ್ಕೆ ಹಳದಿ ಬಟಾಣಿ ಬೇಳೆ ಬಂದು, ನಮ್ಮ ಹೋಳಿಗೆಯ ಖಾರದ ತಂಗಿಯಂಥ ದಾಲ್‌ಪುರಿಯಾಯಿತು. ಅಲ್ಲಿಯೇ ಎರಡು ಮೆತ್ತನೆಯ ಬಡಾಗಳ ನಡುವೆ ಕಾಬೂಲಿ ಕಡಲೆಯ ಪಲ್ಯ ಇಟ್ಟು ‘ಡಬಲ್ಸ್’ ಆಯಿತು. ಇಲ್ಲಿ ಪುಣೆಯಲ್ಲಿ ನನ್ನ ಮಗಳು ‘ನಮ್ಮದು’ ಎಂದು ಹೇಳುವ ವಡಾಪಾವಿನ ಪಾವ್ ಕೂಡ ಪೋರ್ಚುಗೀಸರ ಕಡೆಯಿಂದ ಬಂದದ್ದು. ಇವೆಲ್ಲ ನಮ್ಮ ಅಡುಗೆಯ ಕೆಟ್ಟ ನಕಲುಗಳಲ್ಲ. ಏನು ಸಿಕ್ಕಿತು, ಏನು ಸಿಗಲಿಲ್ಲ, ಯಾರ ಜೊತೆ ಕೂತು ತಿಂದರು, ಯಾರನ್ನು ಕೂರಿಸಲಿಲ್ಲ ಎಂಬುದರ ದಾಖಲೆಗಳು. ಸರಕಾರಿ ದಫ್ತರದಲ್ಲಿ ಇವರಲ್ಲಿ ಹೆಚ್ಚಿನವರು ಬರೀ ಒಂದು ನಂಬರು.

ಇಂದು ಡರ್ಬನ್ನಿನಲ್ಲಿ ಬನ್ನಿ ಎಲ್ಲರದೂ. ನಾನು ಕಡೆಯ ದಿನ ಹೋದಾಗ ಜುಲು ಹುಡುಗರು, ಬಿಳಿಯ ದಂಪತಿ, ಬುರ್ಖಾದ ಹೆಂಗಸರು ಎಲ್ಲರೂ ಒಂದೇ ಕ್ಯೂನಲ್ಲಿ ನಿಂತಿದ್ದರು. ಒಳಗೆ ಕೂತು, ಕೈಯೆಲ್ಲ ಕೆಂಪು ಎಣ್ಣೆ ಮಾಡಿಕೊಂಡು ತಿನ್ನುತ್ತಿದ್ದರು.

ಆ ರಾತ್ರಿ ಅವ್ವನಿಗೆ ಫೋನ್ ಮಾಡಿದೆ.

‘ಏನ್ ಉಂಡ್ಯೋ?’

‘ಬ್ರೆಡ್ಡಿನಾಗ ಕಾಳಿನ ಪಲ್ಯಾ ತುಂಬಿ ಕೊಡ್ತಾರವ್ವ ಇಲ್ಲೆ. ಚೊಲೊ ಇತ್ತು.’

‘ಅಯ್ಯ, ರೊಟ್ಟಿ ಮುಗದ್ವೇನು?’

‘ಇನ್ನೂ ಎರಡದಾವು. ಅವ್ವಾ, ಅಜ್ಜನ ಅಂಗಡ್ಯಾಗ ಹೊರಗ ಗೂಟಕ್ಕ ಲೋಟ ಇರ್ತಿದ್ವಲ್ಲ, ಅವನ್ನ ಯಾವಾಗ ತಗದ್ರು?’

ಲೈನ್ ಹೋಯಿತೇನೋ ಅನ್ನುವಷ್ಟು ಹೊತ್ತು ಸದ್ದಿರಲಿಲ್ಲ.

‘ತಗಿಲಿಲ್ಲಪಾ. ಅಜ್ಜ ಹೋದ ಮ್ಯಾಲೆ ಅಂಗಡೀನ ಮುಚ್ಚಿದ್ವಿ’ ಎಂದಳು ಅವ್ವ. ‘ಅದನ್ಯಾಕ ಈಗ ಕೇಳ್ತಿ?’