ಟೈ ರಾಡ್ ಎಂಡ್ ಬಿಚ್ಚಲು ಸುತ್ತಿಗೆಯೊಂದೇ ಸಾಕೇ?

ಹರಿದಾಡುವ ಸಲಹೆ: ಸ್ಟೀರಿಂಗ್‌ನಲ್ಲಿ ಟಕ್ ಟಕ್ ಶಬ್ದ ಬಂದರೆ ಟೈ ರಾಡ್ ಎಂಡ್ ಹೋಗಿದೆ ಎಂದರ್ಥ. ನಟ್ ಬಿಚ್ಚಿ, ಸುತ್ತಿಗೆಯಿಂದ ನಾಲ್ಕು ಏಟು ಹಾಕಿ, ಹೊಸದನ್ನು ಅಷ್ಟೇ ಸುತ್ತು ತಿರುಗಿಸಿ ಕೂರಿಸಿ. ಅಲೈನ್‌ಮೆಂಟ್ ದುಡ್ಡೂ ಉಳಿಯುತ್ತದೆ.

ನಿಜ: ಅರ್ಧ ಸರಿ, ಅರ್ಧ ಅಪಾಯ.

ಏನಿದು ಟೈ ರಾಡ್ ಎಂಡ್?

ನೀವು ಸ್ಟೀರಿಂಗ್ ತಿರುಗಿಸಿದಾಗ ಆ ಚಲನೆಯನ್ನು ಮುಂದಿನ ಚಕ್ರಕ್ಕೆ ಮುಟ್ಟಿಸುವ ಸರಳಿನ ಹೊರತುದಿ ಇದು. ಒಳಗೊಂದು ಗುಂಡು, ಸುತ್ತ ಗ್ರೀಸ್, ಮೇಲೆ ರಬ್ಬರ್ ಬೂಟ್. ಇದು ಕಳಚಿದರೆ ಆ ಬದಿಯ ಚಕ್ರ ನಿಮ್ಮ ಕೈ ಮಾತು ಕೇಳುವುದಿಲ್ಲ. ದಾವಣಗೆರೆಯಿಂದ ಬಾತಿ ದಾಟಿ ಹರಿಹರದ ಕಡೆ ಹೆದ್ದಾರಿ ವೇಗದಲ್ಲಿ ಹೋಗುವಾಗ ಹೀಗಾದರೆ ಏನಾಗಬಹುದೆಂದು ಊಹಿಸಿಕೊಳ್ಳಿ.

ನಟ್ ಬಿಚ್ಚಿದರೂ ಏಕೆ ಬರುವುದಿಲ್ಲ?

ಇದರ ಕಂಬಿ ಮೊನಚಾಗುತ್ತಾ ಹೋಗುತ್ತದೆ. ಚಕ್ರ ಹೊತ್ತಿರುವ ಸ್ಟೀರಿಂಗ್ ನಕಲ್‌ನ ತೂತೂ ಅದೇ ಆಕಾರದಲ್ಲಿರುತ್ತದೆ. ಒಮ್ಮೆ ಬಿಗಿದರೆ ಎರಡೂ ಘರ್ಷಣೆಯಿಂದಲೇ ಕಚ್ಚಿಕೊಳ್ಳುತ್ತವೆ. 1941ರಲ್ಲಿ ಶುರುವಾದ ಹರಿಹರದ ಮೈಸೂರು ಕಿರ್ಲೋಸ್ಕರ್ ತಯಾರಿಸುತ್ತಿದ್ದಂಥ ಲೇತ್‌ಗಳ ಮೇಲೆ ಕೆಲಸ ಮಾಡಿದವರಿಗೆ ಇದು ಗೊತ್ತು: ಟೇಲ್‌ಸ್ಟಾಕ್‌ನ ಸೆಂಟರ್ ಬೋಲ್ಟ್ ಇಲ್ಲದೆ, ಬರೀ ಟೇಪರ್‌ನಿಂದ ಹಿಡಿದು ನಿಲ್ಲುತ್ತದೆ.

ಸುತ್ತಿಗೆ ಏಟು ಎಲ್ಲಿಗೆ?

ಕಂಬಿಯ ತಲೆಗೆ ಹೊಡೆದರೆ ದಾರ ಹಾಳಾಗುತ್ತದೆ. ಅನುಭವಿ ಮೆಕ್ಯಾನಿಕ್‌ಗಳು ನಟ್ ಅನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಸಡಿಲಿಸಿ, ತೂತಿರುವ ತೋಳಿನ ಪಕ್ಕಕ್ಕೆ ಹೊಡೆಯುತ್ತಾರೆ. ಆ ಅದುರಿಗೆ ಟೇಪರ್ ಬಿಡುತ್ತದೆ. ತೋಳು ಅಲ್ಯೂಮಿನಿಯಂನದಾದರೆ ಹೊಡೆಯಬಾರದು. ಸುರಕ್ಷಿತ ದಾರಿ ಎಂದರೆ ಬಾಲ್ ಜಾಯಿಂಟ್ ಪುಲ್ಲರ್. ಕವಲು ಉಳಿಯನ್ನು ತೂರಿಸಿದರೆ ರಬ್ಬರ್ ಬೂಟ್ ಹರಿಯುತ್ತದೆ. ಹಳೆಯದನ್ನೇ ಮತ್ತೆ ಹಾಕುವುದಾದರೆ ಅದು ಬೇಡ. ಗ್ಯಾಸ್ ಬೆಂಕಿಯಿಂದ ಕಾಯಿಸಿದರೆ ಬೂಟ್, ಗ್ರೀಸ್ ಸುಡುವುದಲ್ಲದೆ ಲೋಹದ ಗಟ್ಟಿತನವೂ ಕೆಡಬಹುದು.

ಕಾರಿನ ಜೊತೆ ಬರುವ ಜ್ಯಾಕ್ ಟೈರ್ ಬದಲಿಸುವುದಕ್ಕೆ ಮಾತ್ರ. ಸ್ಟ್ಯಾಂಡ್ ಕೊಡದೆ, ಬರೀ ಜ್ಯಾಕ್ ಮೇಲೆ ನಿಂತ ಗಾಡಿಗೆ ಸುತ್ತಿಗೆ ಏಟು ಹಾಕಬೇಡಿ.

ಸುತ್ತು ಎಣಿಸಿದರೆ ಅಲೈನ್‌ಮೆಂಟ್ ಬೇಡವೇ?

ಬೇಕು. ಎಣಿಸುವುದು ಒಳ್ಳೆಯದೇ, ಅಲೈನ್‌ಮೆಂಟ್ ಅಂಗಡಿವರೆಗೆ ಗಾಡಿ ನಿಧಾನವಾಗಿ ಹೋಗಲು ಅದು ಸಾಕು. ಆದರೆ ದಾರದ ಪಿಚ್ 1.5 ಮಿ.ಮೀ. ಇದ್ದರೆ ಒಂದು ಸುತ್ತಿಗೆ ಸರಳಿನ ಉದ್ದ ಅಷ್ಟೇ ಬದಲಾಗುತ್ತದೆ. ತೋಳು 120 ಮಿ.ಮೀ. ಉದ್ದವಿದ್ದರೆ ಚಕ್ರ ಸುಮಾರು 0.7 ಡಿಗ್ರಿ ತಿರುಗುತ್ತದೆ. ಅರ್ಧ ಸುತ್ತು ತಪ್ಪಿದರೂ ಟೈರ್ ಒಂದು ಅಂಚಿನಲ್ಲಿ ಬೇಗ ಸವೆಯಬಹುದು. ಹೊಸ ಭಾಗದ ಅಳತೆ ಹಳೆಯದರಷ್ಟೇ ಇರುತ್ತದೆಂದೂ ಹೇಳಲಾಗದು.

ಮತ್ತೆ ಜೋಡಿಸುವಾಗ

ಸ್ಪ್ಲಿಟ್ ಪಿನ್ ಹೊಸದೇ ಇರಲಿ. ಪಿನ್‌ನ ತೂತು ಎದುರಿಗೆ ಬರದಿದ್ದರೆ ನಟ್ ಅನ್ನು ಸಡಿಲಿಸಬೇಡಿ, ಸ್ವಲ್ಪ ಮುಂದಕ್ಕೆ ಬಿಗಿಯಿರಿ. ನೈಲಾನ್ ಇರುವ ನಟ್ ಆದರೆ ಹಳೆಯದನ್ನು ಮತ್ತೆ ಬಳಸಬೇಡಿ. ಇದು ಕಾನೂನಿನ ಮಾತೂ ಹೌದು: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದ ಪ್ರಕಾರ ಸ್ಟೀರಿಂಗ್‌ನ ಬಾಲ್ ಜಾಯಿಂಟ್‌ಗಳಿಗೆ ರಬ್ಬರ್ ಕ್ಯಾಪ್ ಇರಬೇಕು, ಬೋಲ್ಟ್ ಮತ್ತು ಪಿನ್‌ಗಳು ಲಾಕ್ ಆಗಿರಬೇಕು.

ಬಿಚ್ಚುವ ಮೊದಲು ಪರೀಕ್ಷಿಸಿ

ಶಬ್ದ ಬಂದ ಮಾತ್ರಕ್ಕೆ ಟೈ ರಾಡ್ ಎಂಡ್ ಹೋಗಿದೆ ಎನ್ನಲಾಗದು. ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರದ ಎಡ-ಬಲ ಅಂಚು ಹಿಡಿದು ಅಲ್ಲಾಡಿಸಿ. ಆಟ ಕಂಡರೆ ಟೈ ರಾಡ್ ಮೇಲೆ ಅನುಮಾನ ಪಡಬಹುದು. ಮೇಲೆ-ಕೆಳಗೆ ಹಿಡಿದಾಗಲೂ ಆಟವಿದ್ದರೆ ವೀಲ್ ಬೇರಿಂಗ್ ಅಥವಾ ಕೆಳಗಿನ ಬಾಲ್ ಜಾಯಿಂಟ್ ನೋಡಿಸಿ. ವೇಗದಲ್ಲಿ ಮಾತ್ರ ಸ್ಟೀರಿಂಗ್ ನಡುಗಿದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ.

ಒಟ್ಟಿನಲ್ಲಿ: ಪುಲ್ಲರ್, ಸ್ಟ್ಯಾಂಡ್, ಟಾರ್ಕ್ ರೆಂಚ್ ಇಲ್ಲದವರು ಈ ಕೆಲಸವನ್ನು ಗ್ಯಾರೇಜಿಗೆ ಬಿಡುವುದೇ ಒಳ್ಳೆಯದು. ಆ ಸಲಹೆ ನಿಮ್ಮ ಗುಂಪಿಗೂ ಬಂದಿದ್ದರೆ ಅದರ ಕೆಳಗೆ ಇದನ್ನೂ ಹಾಕಿ.