ಹುಳಿ, ಒಗರು ಮತ್ತು ಕಬ್ಬಿಣ

ಹಿಂದೆ ಬೆಂಕಿಪುರವೆಂದು ಕರೆಯಲಾಗುತ್ತಿದ್ದ ಭದ್ರಾವತಿಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಮೈಸೂರು ಸಂಸ್ಥಾನವು ಭದ್ರಾ ನದಿಯ ದಡದಲ್ಲಿ ಕಟ್ಟಿಸಿದ ಕಬ್ಬಿಣದ ಕಾರ್ಖಾನೆಯ ಊದುಕುಲುಮೆಯು 1923ರ ಜನವರಿ 18ರಂದು ಉತ್ಪಾದನೆ ಆರಂಭಿಸಿತು. ಅದಿರು ಬಾಬಾ ಬುಡನ್ ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಕಲ್ಲಿದ್ದಲು ಹತ್ತಿರದಲ್ಲೆಲ್ಲೂ ದೊರೆಯದ ಕಾರಣ ಮಲೆನಾಡಿನ ಮರದಿಂದ ಮಾಡಿದ ಇದ್ದಿಲನ್ನೇ ಕುಲುಮೆಗೆ ಹಾಕಲಾಗುತ್ತಿತ್ತು. ಈ ಇದ್ದಿಲು ಕಾವನ್ನು ಒದಗಿಸುವುದರ ಜೊತೆಗೆ, ಅದಿರಿನಲ್ಲಿ ಆಮ್ಲಜನಕದೊಡನೆ ಬೆಸೆದುಕೊಂಡಿರುವ ಕಬ್ಬಿಣವನ್ನು ಬಿಡಿಸಿಕೊಡುವ ಕೆಲಸವನ್ನೂ ಮಾಡುತ್ತಿತ್ತು. ರಸಾಯನಶಾಸ್ತ್ರವು ಇದನ್ನು ಅಪಕರ್ಷಣವೆಂದು ಕರೆಯುತ್ತದೆ. ಗುಡ್ಡದಲ್ಲಿ ಅದಿರು ಎಷ್ಟೇ ಇದ್ದರೂ ಅಪಕರ್ಷಣ ನಡೆಯದೆ ಕಬ್ಬಿಣ ಕೈಗೆ ಸಿಗದು. ತಟ್ಟೆಯ ಅನ್ನ, ಬೇಳೆ, ಸೊಪ್ಪುಗಳಲ್ಲಿರುವ ಕಬ್ಬಿಣವು ರಕ್ತವನ್ನು ಸೇರುವ ಬಗೆಯೂ ಹೀಗೆಯೇ ಇದೆ. ಶಿವಮೊಗ್ಗ ಮತ್ತು ಭದ್ರಾವತಿ ಸೀಮೆಯ ಊಟದ ಪದ್ಧತಿಯಲ್ಲಿ ಹುಳಿಗೆ ಸಂದಿರುವ ಸ್ಥಾನವನ್ನು ಈ ಹಿನ್ನೆಲೆಯಲ್ಲಿ ನೋಡಿದಾಗ ಅದರ ಮಹತ್ವ ರುಚಿಯನ್ನು ಮೀರಿದ್ದೆಂಬುದು ಸ್ಪಷ್ಟವಾಗುತ್ತದೆ.

ವಯಸ್ಕರ ದೇಹದಲ್ಲಿರುವ ಒಟ್ಟು ಕಬ್ಬಿಣ ಸುಮಾರು 3ರಿಂದ 4 ಗ್ರಾಂ ಮಾತ್ರ; ಅದರ ಬಹುಪಾಲು ಕೆಂಪು ರಕ್ತಕಣಗಳಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಎಂಬ ವಸ್ತುವಿನಲ್ಲಿದೆ. ಮಾಂಸ, ಮೀನುಗಳಲ್ಲಿ ಹೀಮ್ ರೂಪದಲ್ಲಿರುವ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ. ಕಾಳು, ಬೇಳೆ, ಸೊಪ್ಪುಗಳ ಕಬ್ಬಿಣವಾದರೋ ಹೆಚ್ಚಾಗಿ ಫೆರಿಕ್ ಎಂಬ ರೂಪದಲ್ಲಿದ್ದು, ಜಠರದ ಆಮ್ಲವನ್ನು ದಾಟಿ ಸಣ್ಣಕರುಳಿಗೆ ಬಂದೊಡನೆ ಕರಗದ ಗಸಿಯಾಗಿ ಕುಳಿತುಬಿಡುವ ಸಂಭವವಿರುತ್ತದೆ. ಧಾನ್ಯಗಳಲ್ಲಿರುವ ಫೈಟೇಟ್ ಎಂಬ ಸಂಯುಕ್ತವೂ ಅದನ್ನು ಕಟ್ಟಿಹಾಕುತ್ತದೆ. ಅದೇ ತುತ್ತಿನಲ್ಲಿ ‘ಸಿ’ ಜೀವಸತ್ವವಿದ್ದರೆ ಅದು ಫೆರಿಕ್ ಕಬ್ಬಿಣವನ್ನು ಅಪಕರ್ಷಿಸಿ, ಕರುಳಿನ ಗೋಡೆ ಒಳಗೊಳ್ಳಬಲ್ಲ ಫೆರಸ್ ರೂಪಕ್ಕೆ ತರುತ್ತದೆ ಮತ್ತು ಕರಗಿದ ಸ್ಥಿತಿಯಲ್ಲಿಯೇ ಉಳಿಸಿಕೊಳ್ಳುತ್ತದೆ. ಕಬ್ಬಿಣ ಮತ್ತು ಜೀವಸತ್ವ ಒಂದೇ ಊಟದಲ್ಲಿ ಒಟ್ಟಿಗೆ ಇರಬೇಕೆಂಬುದು ಇಲ್ಲಿಯ ಮುಖ್ಯ ನಿಯಮ.

ಈ ತಿಳಿವಳಿಕೆ ರೂಪುಗೊಂಡದ್ದು ಭದ್ರಾವತಿಯ ಕುಲುಮೆ ಉರಿಯತೊಡಗಿದ ನಂತರದ ದಶಕಗಳಲ್ಲಿ. ಹಂಗೇರಿಯ ಆಲ್ಬರ್ಟ್ ಸೆಂಟ್ ಗ್ಯೋರ್ಗಿ 1928ರಲ್ಲಿ ಬೇರ್ಪಡಿಸಿದ ಆಮ್ಲವೇ ‘ಸಿ’ ಜೀವಸತ್ವವೆಂಬುದು 1932ರಲ್ಲಿ ಖಚಿತವಾಯಿತು. ಅದೇ ಕಾಲದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಗರ್ಭಿಣಿ ಕಾರ್ಮಿಕರ ರಕ್ತಹೀನತೆಯನ್ನು ಅಧ್ಯಯನ ಮಾಡಿದ ವೈದ್ಯೆ ಲೂಸಿ ವಿಲ್ಸ್, ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು ಕಂಡರು. ಆ ಸಾರದಲ್ಲಿದ್ದ ಅಂಶವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಫೋಲಿಕ್ ಆಮ್ಲವು ಕಬ್ಬಿಣದ ಹೀರಿಕೆಗೆ ನೆರವಾಗುವುದಿಲ್ಲವಾದರೂ ರಕ್ತಕಣಗಳು ಬಲಿಯಲು ಅದು ಅಗತ್ಯವಾದುದರಿಂದ, ಭಾರತ ಸರ್ಕಾರ 1970ರಲ್ಲಿ ಆರಂಭಿಸಿದ ರಕ್ತಹೀನತೆ ತಡೆ ಕಾರ್ಯಕ್ರಮದ ಮಾತ್ರೆಯಲ್ಲಿ ಕಬ್ಬಿಣದೊಡನೆ ಅದಕ್ಕೂ ಸ್ಥಾನ ದೊರೆಯಿತು.

ಪ್ರಯೋಗಾಲಯಗಳ ಈ ಅರಿವಿಗೆ ಬಹಳ ಮೊದಲೇ ಮಲೆನಾಡಿನ ಅಡುಗೆ ಹುಳಿಯ ಹಲವು ಮೂಲಗಳನ್ನು ಬಳಕೆಗೆ ತಂದುಕೊಂಡಿತ್ತು. ಹೊಳೆದಂಡೆಯ ಅಪ್ಪೆಮಿಡಿ, ವಾಟೆಹುಳಿ, ಉಪ್ಪಾಗೆ, ಮುರುಗಲು, ಕಂಚಿಕಾಯಿ, ನಿಂಬೆ, ನೆಲ್ಲಿಕಾಯಿಗಳು ಋತುವಿಗೆ ತಕ್ಕಂತೆ ಒಲೆಯ ಬಳಿಗೆ ಬರುತ್ತಿದ್ದವು. ಇವೆಲ್ಲವುಗಳ ಗುಣ ಒಂದೇ ಅಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೀರ್ಣಕ್ರಿಯೆಯನ್ನು ಗಾಜಿನ ಪಾತ್ರೆಯಲ್ಲಿ ಅನುಕರಿಸಿ ನೋಡಿದಾಗ, ಸಿಟ್ರಿಕ್ ಆಮ್ಲ ಮತ್ತು ಒಣ ಮಾವಿನಕಾಯಿಯ ಪುಡಿ ಧಾನ್ಯಗಳ ಕಬ್ಬಿಣದ ಲಭ್ಯತೆಯನ್ನು ಸಾಮಾನ್ಯವಾಗಿ ಹೆಚ್ಚಿಸಿದವು. ಹುಣಸೆ ಮತ್ತು ಮುರುಗಲಿನಲ್ಲಿ ಅಂಥ ಫಲ ಕಾಣಲಿಲ್ಲ, ಏಕೆಂದರೆ ಅವುಗಳಲ್ಲಿ ಹುಳಿಯೊಡನೆ ಒಗರೂ ಇದೆ. ಕುದಿಸಿದಾಗ ‘ಸಿ’ ಜೀವಸತ್ವ ಬಹುಮಟ್ಟಿಗೆ ನಾಶವಾಗುವುದರಿಂದ ಹಸಿಯಾಗಿ ಬಡಿಸುವ ಪದಾರ್ಥಗಳಿಗೆ ವಿಶೇಷ ಬೆಲೆಯುಂಟು. ರಾಮನವಮಿಯ ಕೋಸಂಬರಿ ಇದಕ್ಕೆ ಒಳ್ಳೆಯ ಉದಾಹರಣೆ: ಅದರ ಹೆಸರುಬೇಳೆ ಕಬ್ಬಿಣವನ್ನು ಒದಗಿಸುತ್ತದೆ, ನೆನೆಹಾಕುವುದರಿಂದ ಫೈಟೇಟ್ ಸ್ವಲ್ಪ ಕಡಿಮೆಯಾಗುತ್ತದೆ, ಬೆಂಕಿ ಕಾಣದ ನಿಂಬೆರಸ, ಮಾವಿನಕಾಯಿ ತುರಿ ಮತ್ತು ಕೊತ್ತಂಬರಿ ಸೊಪ್ಪು ಜೀವಸತ್ವವನ್ನು ಹಾಗೆಯೇ ಉಳಿಸಿಕೊಡುತ್ತವೆ.

ಸೊಪ್ಪಿನ ಬಳಕೆಯಲ್ಲಿಯೂ ಇಂಥದೇ ಅನುಕೂಲವಿದೆ. ಮನೆಯ ಹಿತ್ತಲಿನ ಹರಿವೆಯಲ್ಲಿ ಕಬ್ಬಿಣವೂ, ದೇಹದಲ್ಲಿ ‘ಎ’ ಜೀವಸತ್ವವಾಗಿ ಮಾರ್ಪಡುವ ಬೀಟಾ ಕ್ಯಾರೊಟಿನ್ ಎಂಬ ವಸ್ತುವೂ ಒಟ್ಟಿಗಿವೆ. ಹರಿವೆಸೊಪ್ಪು ಮತ್ತು ಗಜ್ಜರಿಯನ್ನು ಬೆರೆಸಿದಾಗ ಧಾನ್ಯಗಳ ಕಬ್ಬಿಣದ ಲಭ್ಯತೆ ಹೆಚ್ಚುವುದನ್ನು ಮೈಸೂರಿನ ಅದೇ ಸಂಸ್ಥೆ 2010ರಲ್ಲಿ ತೋರಿಸಿತು. ‘ಎ’ ಜೀವಸತ್ವದ ಕೊರತೆಯಿದ್ದರೆ, ಯಕೃತ್ತಿನಲ್ಲಿ ಕೂಡಿಟ್ಟ ಕಬ್ಬಿಣವಿದ್ದರೂ ದೇಹ ಅದನ್ನು ರಕ್ತ ತಯಾರಿಕೆಗೆ ಸರಿಯಾಗಿ ಬಳಸಲಾರದು.

ಹುಳಿಯ ಕೆಲಸಕ್ಕೆ ಎದುರಾಗಿ ನಿಲ್ಲುವುದು ಒಗರು. 1939ರಲ್ಲಿ ಅಡಿಕೆ ಬೆಳೆಗಾರರ ಮಾರಾಟ ಸಹಕಾರ ಸಂಘವಾದ ಮ್ಯಾಮ್‌ಕೋಸ್ ಸ್ಥಾಪನೆಯಾದ ಶಿವಮೊಗ್ಗದ ಸುತ್ತಿನಲ್ಲಿ ಒಗರಿನ ಸ್ವರೂಪವನ್ನು ವಿವರಿಸಬೇಕಾದುದೇ ಇಲ್ಲ: ಅಡಿಕೆ ಬೇಯಿಸಿ ಉಳಿದ ಕೆಂಪು ಚೊಗರಿನಲ್ಲಿರುವುದು ಟ್ಯಾನಿನ್ ಎಂಬ ವಸ್ತುಗಳು. ಕಬ್ಬಿಣದ ಮೆಟ್ಟುಗತ್ತಿಯಲ್ಲಿ ಬಾಳೆಕಾಯಿ ಹೆಚ್ಚಿದಾಗ ಅಲಗೂ ಬೆರಳೂ ಕಪ್ಪಾಗುವುದಕ್ಕೆ ಟ್ಯಾನಿನ್ ಕಬ್ಬಿಣದೊಡನೆ ಕೂಡಿಕೊಳ್ಳುವುದೂ ಒಂದು ಕಾರಣ. ಇದೇ ಕೂಡಿಕೆ ಕರುಳಿನಲ್ಲಿ ನಡೆದರೆ ಆ ಕಬ್ಬಿಣ ದೇಹಕ್ಕೆ ದಕ್ಕುವುದಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕಾಫಿ ಮತ್ತು ಚಹಾ ನಿತ್ಯದ ಪಾನೀಯಗಳಾಗಿ ನೆಲೆಗೊಂಡಾಗ ಊಟ ತಿಂಡಿಗಳ ಬೆನ್ನಿಗೇ ಒಗರು ಸೇರುವ ಅಭ್ಯಾಸ ಬಲವಾಯಿತು. 1983ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಊಟದೊಡನೆ ಕುಡಿದ ಒಂದು ಲೋಟ ಕಾಫಿ ಕಬ್ಬಿಣದ ಹೀರಿಕೆಯನ್ನು ಶೇಕಡ 39ರಷ್ಟು, ಚಹಾ ಶೇಕಡ 64ರಷ್ಟು ತಗ್ಗಿಸಿದವು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಇಂಥ ನಷ್ಟ ಉಂಟಾಗಲಿಲ್ಲ.

ಹುಳಿಯೊಂದೇ ಮಲೆನಾಡನ್ನು ರಕ್ತಹೀನತೆಯಿಂದ ಕಾಪಾಡಿತ್ತೆಂದು ಹೇಳುವುದು ಇತಿಹಾಸಕ್ಕೆ ಅಪಚಾರವಾದೀತು. ಕೆಂಪು ಕಣಗಳನ್ನು ಒಡೆಯುವ ಮಲೇರಿಯಾ ಮತ್ತು ಕರುಳಿನಲ್ಲಿ ರಕ್ತ ಹೀರುವ ಕೊಕ್ಕೆಹುಳು ಈ ಸೀಮೆಯ ಜನರನ್ನು ಬಹುಕಾಲ ಕಾಡಿದ್ದವು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿರುವಾಗ, ಖರ್ಚಿಲ್ಲದೆ ದೊರೆಯುವ ಈ ಅರಿವನ್ನು ಕಡೆಗಣಿಸುವಂತಿಲ್ಲ. 2018ರಲ್ಲಿ ಆರಂಭವಾದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದ ಮಾತ್ರೆಯನ್ನು ಕಾಫಿಯೊಡನೆ ನುಂಗದೆ ನಿಂಬೆಹಣ್ಣಿನ ಪಾನಕದೊಡನೆ ನುಂಗುವುದು, ಸಾರನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡುವುದು, ಕಾಫಿ ಚಹಾಗಳನ್ನು ಊಟದಿಂದ ಒಂದೆರಡು ಗಂಟೆ ದೂರವಿಡುವುದು ಯಾವ ಮನೆಯಲ್ಲಾದರೂ ಸಾಧ್ಯ. ಅಂಗನವಾಡಿ, ಶಾಲೆ ಮತ್ತು ಆಸ್ಪತ್ರೆಗಳು ಮಾತ್ರೆಯ ಜೊತೆಗೆ ಈ ಮಾತನ್ನೂ ಹೇಳಿಕೊಟ್ಟರೆ, ಸ್ಥಳೀಯ ಊಟದ ಪದ್ಧತಿಯೇ ಸರ್ಕಾರದ ಕಾರ್ಯಕ್ರಮಕ್ಕೆ ಬಲ ತುಂಬುತ್ತದೆ.