ಬಳಕೆ ತಪ್ಪಿದ ಮಕ್ಕಳ ಆಟದ ಸಾಮಗ್ರಿಗಳನ್ನು ಕೈತೋಟದಲ್ಲಿ ಉಪಯೋಗಿಸುವ ವಿಧಾನ – ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಮಕ್ಕಳು ಬೆಳೆದಂತೆ ಉಯ್ಯಾಲೆ, ಜಾರುಬಂಡೆ, ನೀರಾಟದ ತೊಟ್ಟಿ, ಮೂರು ಚಕ್ರದ ಸೈಕಲ್ಲು ಮುಂತಾದವು ಹಿತ್ತಲಿನಲ್ಲಿ ಅಥವಾ ತಾರಸಿಯ ಮೂಲೆಯಲ್ಲಿ ಉಳಿದುಬಿಡುವುದು ಸಾಮಾನ್ಯ. ಮಳೆಗಾಲದಲ್ಲಿ ಇವುಗಳಲ್ಲಿ ನಿಲ್ಲುವ ನೀರು ಡೆಂಗೀ ಜ್ವರ ಹರಡುವ ಈಡಿಸ್ ಸೊಳ್ಳೆಗಳ ಉತ್ಪತ್ತಿ ತಾಣವಾಗುತ್ತದೆ. ಕರ್ನಾಟಕ ಸರ್ಕಾರವು 2024ರಲ್ಲಿ ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಆಸ್ಪದ ನೀಡುವ ಮನೆಗಳಿಗೆ ನಗರ ಪ್ರದೇಶದಲ್ಲಿ ರೂ. 400 ಹಾಗೂ ಗ್ರಾಮೀಣ ಪ್ರದೇಶದಲ್ಲಿ ರೂ. 200 ದಂಡವನ್ನು ನಿಗದಿಪಡಿಸಿತು. ಇಂತಹ ಸಾಮಗ್ರಿಗಳನ್ನು ಕೈತೋಟಕ್ಕೆ ಅಳವಡಿಸಿಕೊಂಡಲ್ಲಿ ಮನೆಗೆ ತರಕಾರಿ ದೊರೆಯುವುದರೊಂದಿಗೆ ಆರೋಗ್ಯ ರಕ್ಷಣೆಯೂ ಆಗುತ್ತದೆ.

1. ಪೂರ್ವ ಪರಿಶೀಲನೆ

ಅ) ಬಣ್ಣ: ಗೃಹ ಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ದಶಲಕ್ಷಕ್ಕೆ 90 ಭಾಗಗಳಿಗೆ ಮಿತಿಗೊಳಿಸುವ ಕೇಂದ್ರ ನಿಯಮಗಳು 2016ರಲ್ಲಿ ಪ್ರಕಟವಾಗಿ 2017ರ ನವೆಂಬರ್‌ನಲ್ಲಿ ಜಾರಿಗೆ ಬಂದವು. ಅದಕ್ಕೂ ಹಿಂದಿನ ಸಾಮಗ್ರಿಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯುಂಟು. ಬಣ್ಣ ಚಕ್ಕೆಯೇಳುತ್ತಿರುವ ಇಂತಹ ಸಾಮಗ್ರಿಯನ್ನು ಹೂವಿನ ಗಿಡಗಳಿಗೆ ಮಾತ್ರ ಬಳಸತಕ್ಕದ್ದು, ತರಕಾರಿಗೆ ಬಳಸಬಾರದು. ಒಣ ಬಣ್ಣವನ್ನು ಉಜ್ಜಿ ಧೂಳೆಬ್ಬಿಸುವುದಾಗಲಿ, ಬಣ್ಣ ಬಳಿದ ಮರವನ್ನು ಸುಡುವುದಾಗಲಿ ಕೂಡದು.

ಆ) ಪ್ಲಾಸ್ಟಿಕ್: ಬಿಸಿಲಿಗೆ ಬೆಳ್ಳಗಾಗಿ, ಒತ್ತಿದರೆ ಬಿರುಕು ಬಿಡುವ ಪ್ಲಾಸ್ಟಿಕ್ ಮಣ್ಣಿನ ಭಾರ ತಡೆಯುವುದಿಲ್ಲ.

ಇ) ಕಬ್ಬಿಣ: ಕೊಳವೆಗಳ ಬುಡ ಹಾಗೂ ಬೆಸುಗೆಯ ಸ್ಥಳಗಳಲ್ಲಿ ತುಕ್ಕು ಹಿಡಿದು ತೂತಾಗಿದ್ದಲ್ಲಿ ಅದನ್ನು ಆಧಾರವಾಗಿ ಬಳಸಬಾರದು. ಮೇಲ್ಮೈ ತುಕ್ಕು ಮಾತ್ರವಿದ್ದು, ಹಳೆಯ ಬಣ್ಣ ಉಳಿದಿರದಿದ್ದಲ್ಲಿ ತುಕ್ಕನ್ನು ಉಜ್ಜಿ ತೆಗೆದು ರೆಡ್ ಆಕ್ಸೈಡ್ ಪ್ರೈಮರ್ ಬಳಿಯಬಹುದು.

ಈ) ಶಾಲೆ ಹಾಗೂ ಅಂಗನವಾಡಿಯ ಸಾಮಗ್ರಿಗಳು: ಇವು ದಾಸ್ತಾನು ವಹಿಗೆ ಸೇರಿದವು. ಸಕ್ಷಮ ಪ್ರಾಧಿಕಾರದ ಅನುಮೋದನೆಯಿಲ್ಲದೆ ಇವುಗಳನ್ನು ಬಿಚ್ಚುವುದು, ಕತ್ತರಿಸುವುದು ಅಥವಾ ಸಾಗಿಸುವುದು ತರವಲ್ಲ.

2. ಉಪಯೋಗಿಸುವ ವಿಧಾನ

ಅ) ಉಯ್ಯಾಲೆಯ ಚೌಕಟ್ಟು: ಸರಪಳಿ ಮತ್ತು ಮಣೆಯನ್ನು ತೆಗೆದು, ಕಾಲುಗಳನ್ನು ಒಂದೂವರೆ ಅಡಿ ಆಳಕ್ಕೆ ಹೂಳತಕ್ಕದ್ದು. ಸುಮಾರು ಅರ್ಧ ಅಡಿ ಅಂತರದಲ್ಲಿ ಹುರಿ ಎಳೆದು ಕಟ್ಟಿದಲ್ಲಿ ಹೀರೆ, ಹಾಗಲ, ಪಡವಲ ಬಳ್ಳಿಗಳಿಗೆ ಚಪ್ಪರವಾಗುತ್ತದೆ. ಹೀರೆಯು ಬಿತ್ತಿದ ಸುಮಾರು ಎರಡು ತಿಂಗಳಿಗೆ ಕೊಯ್ಲಿಗೆ ಬರುತ್ತದೆ.

ಆ) ನೀರಾಟದ ತೊಟ್ಟಿ: ಗಟ್ಟಿ ಪ್ಲಾಸ್ಟಿಕ್ಕಿನ ತೊಟ್ಟಿಯ ತಳದಲ್ಲಿ ಅರ್ಧ ಅಡಿಗೊಂದರಂತೆ ಬೆರಳು ಗಾತ್ರದ ರಂಧ್ರ ಕೊರೆದು, ಮೇಲೆ ಹೆಂಚಿನ ಚೂರುಗಳನ್ನು ಇಡಬೇಕು. ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಗೂ ಮರಳನ್ನು ಸಮಪ್ರಮಾಣದಲ್ಲಿ ಬೆರೆಸಿ ತುಂಬುವುದು. ದಂಟು, ಮೆಂತ್ಯ ಸೊಪ್ಪುಗಳಿಗೆ 15ರಿಂದ 20 ಸೆಂಟಿಮೀಟರ್ ಆಳ ಸಾಕು. ಬದನೆ, ಟೊಮೆಟೊಗಳಿಗೆ 30 ಸೆಂಟಿಮೀಟರ್ ಅವಶ್ಯ. ದಂಟಿನ ಸೊಪ್ಪನ್ನು ಸುಮಾರು ಒಂದು ತಿಂಗಳಿಗೆ ಕೀಳಬಹುದು.

ಇ) ಜಾರುಬಂಡೆ: ಏಣಿಯ ಮೆಟ್ಟಿಲುಗಳು ಸಣ್ಣ ಕುಂಡಗಳನ್ನು ಸಾಲಾಗಿ ಜೋಡಿಸಲು ಅನುಕೂಲ. ಕುಂಡಗಳನ್ನು ಮೆಟ್ಟಿಲಿಗೆ ತಂತಿಯಿಂದ ಬಿಗಿಯತಕ್ಕದ್ದು.

ಈ) ಆಟದ ಮರಳು: ಬೆಕ್ಕು ನಾಯಿಗಳ ಮಲವಿದ್ದ ಮರಳನ್ನು ತರಕಾರಿ ಮಡಿಗೆ ಹಾಕಬಾರದು. ಉಳಿದದ್ದನ್ನು ಜರಡಿ ಹಿಡಿದು, ತೊಳೆದು, ಬಿಸಿಲಿನಲ್ಲಿ ಒಣಗಿಸಿ ಜಿಗುಟು ಮಣ್ಣಿಗೆ ಬೆರೆಸಬಹುದು.

ಉ) ಉಯ್ಯಾಲೆಯ ಟೈರು: ಕೆಳಗಿನ ಅಂಚಿನಲ್ಲಿ ನೀರು ಬಸಿಯಲು ರಂಧ್ರ ಮಾಡಿ, ಒಳಗಿನ ಸಂದು ಸಹ ತುಂಬುವಂತೆ ಮಣ್ಣು ಗಿಡಿದು ಹೂವಿನ ಗಿಡ ನೆಡಬಹುದು.

3. ತಾರಸಿಯ ಭಾರ

ಒಂದು ಮೀಟರ್ ಅಗಲದ ದುಂಡನೆಯ ತೊಟ್ಟಿಯಲ್ಲಿ 30 ಸೆಂಟಿಮೀಟರ್ ಎತ್ತರಕ್ಕೆ ಹಸಿ ಮಣ್ಣು ತುಂಬಿದಲ್ಲಿ ಅದರ ತೂಕ ಸುಮಾರು 380 ಕಿಲೋಗ್ರಾಂ ಆಗುತ್ತದೆ. ಅಂದರೆ ಚದರ ಮೀಟರಿಗೆ ಸುಮಾರು 480 ಕಿಲೋಗ್ರಾಂ. ಭಾರತೀಯ ಮಾನಕ ಐ.ಎಸ್. 875 (ಭಾಗ 2), 1987ರಲ್ಲಿ ಜನರು ಓಡಾಡುವ ಸಮತಟ್ಟಾದ ತಾರಸಿಗೆ ನಿಗದಿಪಡಿಸಿದ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೋಗ್ರಾಂ ಮಾತ್ರ. ಆದ್ದರಿಂದ ಮಣ್ಣು ತುಂಬಿದ ದೊಡ್ಡ ತೊಟ್ಟಿಗಳನ್ನು ನೆಲದ ಮೇಲೆಯೇ ಇಡುವುದು ಕ್ಷೇಮ. ತಾರಸಿಯಲ್ಲಿ ಇಡಲೇಬೇಕಾದಲ್ಲಿ ಇಂಜಿನಿಯರರ ಸಲಹೆ ಪಡೆಯತಕ್ಕದ್ದು.

4. ಮುನ್ನೆಚ್ಚರಿಕೆಗಳು

ಅ) ಈಡಿಸ್ ಸೊಳ್ಳೆಯು ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಬರಲು ಏಳರಿಂದ ಹತ್ತು ದಿನಗಳು ಸಾಕು. ಕುಂಡಗಳ ತಟ್ಟೆ, ಟೈರು, ಖಾಲಿ ತೊಟ್ಟಿಗಳ ನೀರನ್ನು ವಾರಕ್ಕೊಮ್ಮೆ ಚೆಲ್ಲಬೇಕು. ಸೊಳ್ಳೆಯ ಮೊಟ್ಟೆಗಳು ಒಣಗಿದ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದ್ದರಿಂದ ಒಳಬದಿಯನ್ನು ಉಜ್ಜಿ ತೊಳೆಯುವುದು ಅಗತ್ಯ.

ಆ) ಹಳೆಯ ತೊಟ್ಟಿಯನ್ನು ತಾವರೆ ಕೊಳವಾಗಿ ಬಳಸುವವರು ಮನೆಯಲ್ಲಾಗಲಿ, ನೆರೆಮನೆಯಲ್ಲಾಗಲಿ ಪುಟ್ಟ ಮಕ್ಕಳಿದ್ದಲ್ಲಿ ಮೇಲೆ ಗಟ್ಟಿ ಜಾಲರಿ ಅಳವಡಿಸತಕ್ಕದ್ದು. ಗೇಣುದ್ದ ನೀರಿನಲ್ಲಿಯೂ ಮಗು ಮುಳುಗುವ ಅಪಾಯವಿದೆ.

ಇ) ಬಳ್ಳಿ ಹಬ್ಬಿದ ಚೌಕಟ್ಟನ್ನು ಮತ್ತೆ ಉಯ್ಯಾಲೆಯಾಗಿ ಬಳಸಬಾರದು.

5. ಉಪಯೋಗಕ್ಕೆ ಬಾರದ ಸಾಮಗ್ರಿಗಳು

ಸುಸ್ಥಿತಿಯಲ್ಲಿರುವ ಆಟಿಕೆಗಳನ್ನು ಬಿಚ್ಚುವ ಮೊದಲು, ಅವು ಬೇಕಾದ ಮಕ್ಕಳು ಸಮೀಪದಲ್ಲಿ ಇದ್ದಾರೆಯೇ ಎಂದು ವಿಚಾರಿಸುವುದು ಒಳಿತು. ಮುರಿದ ಪ್ಲಾಸ್ಟಿಕ್ಕನ್ನು ಸುಡದೆ, ಒಣ ಕಸವಾಗಿ ಬೇರ್ಪಡಿಸಿ ಸ್ಥಳೀಯ ಸಂಸ್ಥೆಯ ವಾಹನಕ್ಕೆ ನೀಡತಕ್ಕದ್ದು.

ಸಸಿಗಳ ಲಭ್ಯತೆ ಹಾಗೂ ಕೈತೋಟದ ತಾಂತ್ರಿಕ ಸಲಹೆಗಾಗಿ ಸಾರ್ವಜನಿಕರು ಆಯಾ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.